ಕಾವಕ್ಕನ ಎಡಗಣ್ಣು

ಕಾವಕ್ಕ ಯಾವ ವಸ್ತುವನ್ನೂ ಕೈಯಿಂದ ಮುಟ್ಟಿ ನಂಬಿದವರಲ್ಲ. ಬಿಸಿಯೋ ತಣ್ಣಗೋ ತಿಳಿಯಬೇಕಾದದ್ದು ಏನೇ ಎದುರಿಗೆ ಬರಲಿ, ಎಡಗಣ್ಣನ್ನು ಮುಚ್ಚಿ, ಮುಚ್ಚಿದ ರೆಪ್ಪೆಯ ಮೇಲೆ ಅದನ್ನು ಒಂದು ಕ್ಷಣ ಒತ್ತಿ ಹಿಡಿದು, ತೆರೆದ ಬಲಗಣ್ಣಿನಿಂದ ನಮ್ಮನ್ನೇ ನೋಡುತ್ತ ನಿಲ್ಲುತ್ತಿದ್ದರು. ಟೀ ಲೋಟ, ಬಿಸಿಲಿಗೆ ಹರವಿದ ಅರಳೆಯ ಒಂದು ಹಿಡಿ, ಪಕ್ಕದ ಮನೆಯ ಕೂಸಿನ ಅಂಗಾಲು, ಎಲ್ಲಕ್ಕೂ ಅದೇ ಪರೀಕ್ಷೆ. ನಾನು ಮೊದಲ ಸಲ ಅವರ ಮನೆಗೆ ಹೋದ ದಿನ, ನನಗೆಂದೇ ತಂದ ಟೀಯನ್ನು ನನ್ನೆದುರಿಗೇ ರೆಪ್ಪೆಗೆ ಒತ್ತಿ ನೋಡಿ, "ಸ್ವಲ್ಪ ತಡೀರಿ, ನಾಲಿಗೆ ಸುಡುತ್ತೆ" ಎಂದು ಲೋಟವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು ಕೂತುಬಿಟ್ಟರು. ಬಂದ ಅತಿಥಿ ಬರಿಗೈಯಲ್ಲಿ, ಮನೆಯಾಕೆ ಅವನ ಲೋಟ ಹಿಡಿದುಕೊಂಡು, ಇಬ್ಬರೂ ಎದುರುಬದುರು ಎರಡು ನಿಮಿಷ ಕೂತೆವು. ಆಮೇಲೆ ನನ್ನ ಕೈಗೆ ಬಂದ ಆ ಟೀಯಷ್ಟು ಹದವಾದದ್ದನ್ನು ನಾನು ಅದಕ್ಕೆ ಮೊದಲು ಕುಡಿದಿರಲಿಲ್ಲ.

ಎಡಗಣ್ಣೇ ಯಾಕೆ ಎಂದು ಕೇಳಿದ್ದಕ್ಕೆ, ಇದೂ ಒಂದು ಪ್ರಶ್ನೆಯೇ ಎನ್ನುವಂತೆ ನೋಡಿ, "ಬಲಗಣ್ಣು ನೋಡೋಕೆ, ಎಡಗಣ್ಣು ಮುಟ್ಟೋಕೆ" ಎಂದಿದ್ದರು.

ಲೋಕವನ್ನು ಅವರು ಒಳ್ಳೆಯದು ಕೆಟ್ಟದು ಎಂದು ವಿಂಗಡಿಸುತ್ತಿರಲಿಲ್ಲ. ಕಾದದ್ದು, ಬೆಚ್ಚಗಿರುವುದು, ಉಗುರುಬೆಚ್ಚಗಿರುವುದು, ಆರಿದ್ದು ಎಂದು ನಾಲ್ಕೇ ಬಗೆ. ಮನುಷ್ಯರಿಗೂ ಅದೇ ಲೆಕ್ಕ. ಅಂಚೆಯವನು ಬೆಚ್ಚಗಿನ ಮನುಷ್ಯ. ಪಟ್ಟಣದಿಂದ ಆಗೊಮ್ಮೆ ಈಗೊಮ್ಮೆ ಬಂದು ಎಲ್ಲರ ಮೇಲೂ ಹಾರಾಡಿ ಹೋಗುತ್ತಿದ್ದ ನಮ್ಮ ಮೇಲಧಿಕಾರಿಗಳು ಕಾದವರು, ಆದರೆ ಬೇಗ ಆರುವವರು. ನನ್ನ ವಿಷಯ ಏನು ಎಂದು ಒಂದು ದಿನ ಧೈರ್ಯ ಮಾಡಿ ಕೇಳಿದೆ. ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಅಳೆದು, "ಉಗುರುಬೆಚ್ಚಗೆ. ಹೊದಿಸಿಟ್ರೆ ಏನಾದ್ರೂ ಆಗಬಹುದು" ಎಂದರು. ನನಗಾಗ ಇಪ್ಪತ್ತಾರು ವರ್ಷ. ಪಶುಪಾಲನಾ ಇಲಾಖೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿ, ಎದೆ ಸೆಟೆಸಿಕೊಂಡು ಓಡಾಡುತ್ತಿದ್ದ ಕಾಲ. ಆ ಮಾತು ನನಗೆ ಚೆನ್ನಾಗಿಯೇ ನಾಟಿತು.

ಹಾಸಿಗೆ ಹೊಲಿಯುವುದು ಅವರ ಕಸುಬು. ಗಂಡ ಅರಳೆ ಬಿಡಿಸುತ್ತಿದ್ದ, ಇವರು ಹೊಲಿಯುತ್ತಿದ್ದರು. ಆತ ಹೋದ ಮೇಲೆ ಅರಳೆ ಬಿಡಿಸುವ ಬಿಲ್ಲು ಗೋಡೆ ಹತ್ತಿತು, ಸೂಜಿ ಮಾತ್ರ ಕೈಯಲ್ಲಿ ಉಳಿಯಿತು. ಮನೆಯಲ್ಲಿ ಅವರು ಮತ್ತು ಅವರ ನಾದಿನಿ, ಇಬ್ಬರೇ. ನಾದಿನಿಯ ನಾಲಿಗೆ ಅತ್ತಿಗೆಯ ಸೂಜಿಗಿಂತ ಚುರುಕು. ಹೊಲಿದು ಮಿಕ್ಕ ಬಟ್ಟೆಯ ತುಂಡುಗಳನ್ನು ಜೋಡಿಸಿ, ನಡುವೆ ಅರಳೆ ತುಂಬಿ, ಮೊಣಕಾಲ ತನಕ ಇಳಿಯುವ ಒಂದು ಕೋಟನ್ನು ಕಾವಕ್ಕ ತಾವೇ ಹೊಲಿದುಕೊಂಡಿದ್ದರು. ಹೊರಗಿನಿಂದ ಅದೊಂದು ನಡೆದಾಡುವ ರಜಾಯಿ. ಒಳಗೆ ಹನ್ನೆರಡು ಜೇಬುಗಳು, ಜೇಬಿಗೆ ಒಂದರಂತೆ ಹನ್ನೆರಡು ಮೊಟ್ಟೆ. ಮನೆಮನೆಯಿಂದ ಮೊಟ್ಟೆ ತರುವಾಗ ಒಂದಕ್ಕೊಂದು ತಾಗದಂತೆ, ಅಲುಗದಂತೆ ನಡೆಯುವ ಅಭ್ಯಾಸ ಮೈಗೆ ಹತ್ತಿ, ಜೇಬು ಬರಿದಾಗಿದ್ದಾಗಲೂ ಅವರು ಪಾದವನ್ನು ಎತ್ತಿ ಇಡದೆ ಸರಿಸಿ ಸರಿಸಿ ಇಡುತ್ತಿದ್ದರು. ಸೊಂಟದಿಂದ ಮೇಲಕ್ಕೆ ಒಂದಿಷ್ಟೂ ಅಲುಗಾಟವಿಲ್ಲ. "ಅತ್ತಿಗೆ ಓಡಿದ್ದನ್ನ ನಾನು ಈ ಜನ್ಮದಲ್ಲಿ ನೋಡಿಲ್ಲ. ಮನೆಗೆ ಬೆಂಕಿ ಬಿದ್ರೂ ಹೀಗೇ ಬರ್ತಾರೆ" ಎಂದು ನಾದಿನಿ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಕಾವಕ್ಕ ಅದನ್ನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹಾಸಿಗೆಯವರಿಗೆ ಮೊಟ್ಟೆಯ ಗೊಡವೆ ಎಲ್ಲಿಂದ ಬಂತು ಎಂದರೆ, ಅದು ಒಂದು ನಾಯಿಯ ದೆಸೆಯಿಂದ. ಹಿತ್ತಿಲಲ್ಲಿ ಕಾವಿಗೆ ಕೂತಿದ್ದ ಕೋಳಿಯನ್ನು ಬೀದಿನಾಯಿ ಹೊತ್ತೊಯ್ದ ದಿನ, ಒಂಬತ್ತು ಮೊಟ್ಟೆಗಳು ಇನ್ನೂ ಬೆಚ್ಚಗೆ ಗೂಡಿನಲ್ಲಿ ಉಳಿದಿದ್ದವಂತೆ. ಕಾವಕ್ಕ ಆಗ ರಜಾಯಿಗೆ ಅರಳೆ ತುಂಬುತ್ತ ಕೂತಿದ್ದವರು, ಆ ಒಂಬತ್ತನ್ನೂ ತಂದು ಅರಳೆಯೊಳಗೇ ಹುದುಗಿಸಿದರು. ಬೆಚ್ಚಗೆ ಹೊದೆಯುವುದಕ್ಕೆ ಏನು ಬೇಕೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೆ ಅರಳೆ ಕಾವನ್ನು ಹಿಡಿದಿಡುತ್ತದೆ, ತಾನಾಗಿ ಕೊಡುವುದಿಲ್ಲ. ಮೊಟ್ಟೆಯೂ ಮೊದಲ ದಿನಗಳಲ್ಲಿ ಕೊಡುವುದಿಲ್ಲ. ಎರಡು ದಿನದಲ್ಲಿ ಅದನ್ನು ಕಂಡುಕೊಂಡು, ಭತ್ತದ ಹೊಟ್ಟನ್ನು ಬಾಣಲೆಯಲ್ಲಿ ಬಿಸಿ ಮಾಡಿ ಬಟ್ಟೆಯ ಚೀಲದಲ್ಲಿ ಕಟ್ಟಿ ಮೊಟ್ಟೆಗಳ ನಡುವೆ ಇಟ್ಟರು. ಒಂಬತ್ತರಲ್ಲಿ ಎರಡು ಒಡೆದು ಮರಿಯಾದವು. ಆ ಎರಡೂ ಇವರನ್ನೇ ತಾಯಿಯೆಂದು ನಂಬಿ, ಹೊಲಿಯಲು ಕೂತರೆ ಮಡಿಲು ಹತ್ತಿ, ಎದ್ದರೆ ಹಿಮ್ಮಡಿಗೆ ಅಂಟಿಕೊಂಡು ತಿರುಗಿದವು. ಕಾವಿಗೆ ಕೂತ ಅಕ್ಕ ಎಂದು ಬೀದಿಯವರು ನಗುನಗುತ್ತ ಕರೆದದ್ದು ಕಾವಕ್ಕ ಎಂದಾಗಿ, ನಾನು ಹೋಗುವ ಹೊತ್ತಿಗೆ ಅವರ ನಿಜವಾದ ಹೆಸರು ನಾದಿನಿಗೂ ತಟ್ಟನೆ ನೆನಪಾಗುತ್ತಿರಲಿಲ್ಲ.

ಎರಡರಿಂದ ಶುರುವಾದ ಆ ವಿದ್ಯೆಯನ್ನು ವರ್ಷಗಟ್ಟಲೆ ಒಬ್ಬರೇ ತಿದ್ದಿ ತೀಡಿ ಒಂದು ಹದಕ್ಕೆ ತಂದಿದ್ದರು. ಮನೆಯ ಹಿಂದಿನ ಸಣ್ಣ ಕೋಣೆಯಲ್ಲಿ ಎದೆಯೆತ್ತರದ ಬಿದಿರಿನ ಬುಟ್ಟಿ. ಅದರೊಳಗೆ ಅದಕ್ಕಿಂತ ಚಿಕ್ಕದಾದ ಇನ್ನೊಂದು. ಎರಡರ ನಡುವಿನ ಜಾಗದಲ್ಲಿ ಒತ್ತಿ ತುಂಬಿದ ಹೊಟ್ಟು. ಒಳಬುಟ್ಟಿಯಲ್ಲಿ ಬಿಸಿ ಹೊಟ್ಟಿನ ಚೀಲ ಒಂದು, ಮೊಟ್ಟೆಯ ಪದರ ಒಂದು, ಮತ್ತೆ ಚೀಲ, ಮತ್ತೆ ಮೊಟ್ಟೆ. ಮೇಲೆ ದಪ್ಪ ರಜಾಯಿಯ ಮುಚ್ಚಳ, ಪಕ್ಕದಲ್ಲಿ ಗಾಳಿ ಒಣಗದಂತೆ ಬಾಯಗಲದ ಪಾತ್ರೆಯಲ್ಲಿ ನೀರು. ಪ್ರತಿ ಮೊಟ್ಟೆಗೂ ಇದ್ದಿಲಿನಿಂದ ಒಂದು ಕಡೆ ಚುಕ್ಕೆ, ಇನ್ನೊಂದು ಕಡೆ ಗೆರೆ. ದಿನಕ್ಕೆ ಮೂರು ಸಲ ಚೀಲ ಬದಲಿಸುವಾಗ ಚುಕ್ಕೆಯಿದ್ದದ್ದು ಗೆರೆಯಾಗಬೇಕು, ಗೆರೆಯಿದ್ದದ್ದು ಚುಕ್ಕೆಯಾಗಬೇಕು. ಕಿಟಕಿಯ ಕದಕ್ಕೆ ಮೊಟ್ಟೆಯಗಲದ ಒಂದು ತೂತು ಕೊರೆದಿದ್ದರು. ಕದ ಮುಚ್ಚಿ ಕೋಣೆ ಕತ್ತಲಾದಾಗ ಆ ತೂತಿನ ಬಿಸಿಲಿಗೆ ಮೊಟ್ಟೆ ಹಿಡಿದರೆ ಒಳಗಿನ ಸಂಸಾರವೆಲ್ಲ ಕಾಣುತ್ತಿತ್ತು. ಇಷ್ಟೇ ಯಂತ್ರ. ಇಷ್ಟನ್ನೂ ನಡೆಸುತ್ತಿದ್ದದ್ದು ಅವರ ಎಡಗಣ್ಣಿನ ರೆಪ್ಪೆ.

ಊರಿಗೆ ವಿದ್ಯುತ್ ಬಂದಿರಲಿಲ್ಲ. ಬರುತ್ತದೆ ಎಂಬುದಕ್ಕೆ ಸಾಕ್ಷಿಯಾಗಿ ಬೀದಿಯುದ್ದಕ್ಕೂ ಕಂಬಗಳು ಬಂದು ನಿಂತು ನಾಲ್ಕು ವರ್ಷವಾಗಿತ್ತು. ತಂತಿ ಮಾತ್ರ ಬರಲಿಲ್ಲವಾದ್ದರಿಂದ, ಜನ ಆ ಕಂಬಗಳ ನಡುವೆ ತಾವೇ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು. ಇಲಾಖೆ ನನ್ನನ್ನು ಅಲ್ಲಿಗೆ ಕಳಿಸಿದ್ದು, ಕರೆಂಟಿಲ್ಲದೆ ಮೊಟ್ಟೆ ಮರಿಮಾಡುವುದನ್ನು ಹಳ್ಳಿಯವರಿಗೆ ಕಲಿಸಲು. ಕಲಿಸಬೇಕಾದ್ದು ಯಾರಿಗೆ ಯಾರು ಎಂಬುದು ನಾನು ಆ ಹಿಂದಿನ ಕೋಣೆಯನ್ನು ನೋಡಿದ ದಿನವೇ ಅದಲುಬದಲಾಯಿತು. ಆದರೂ ನನ್ನ ಬಳಿ ಅವರಲ್ಲಿಲ್ಲದ ಒಂದು ವಸ್ತುವಿತ್ತು. ಮೊಟ್ಟೆಪೆಟ್ಟಿಗೆಗೆಂದೇ ಮಾಡಿದ ಉಷ್ಣಮಾಪಕ ಉಗ್ರಾಣದಲ್ಲಿ ಮುಗಿದಿದ್ದರಿಂದ ಜ್ವರ ನೋಡುವ ಥರ್ಮಾಮೀಟರನ್ನೇ ಕೊಟ್ಟು ಕಳಿಸಿದ್ದರು. ಮೊಟ್ಟೆಗೆ ಬೇಕಾದ ನೂರು ಡಿಗ್ರಿ ಅದರಲ್ಲೂ ಕಾಣುತ್ತದಲ್ಲ. ಅದನ್ನು ಮರದ ಡಬ್ಬಿಯಿಂದ ತೆಗೆದು ಅವರ ಮುಂದೆ ಹಿಡಿದೆ.

"ಮೊಟ್ಟೆಗೆ ಜ್ವರ ಬರುತ್ತೇನ್ರೀ ಡಾಕ್ಟ್ರೇ?" ಎಂದರು ಕಾವಕ್ಕ. ನಾನು ಡಾಕ್ಟರಲ್ಲ ಎಂದು ಹತ್ತು ಸಲ ಹೇಳಿದ್ದೆ.

ನಾನೂ ಬಿಡಲಿಲ್ಲ. ಪಂದ್ಯ ಕಟ್ಟಿದೆ. ಎಂಟು ಮೊಟ್ಟೆಗಳನ್ನು ಬೇರೆಬೇರೆ ಹದಕ್ಕೆ ಕಾಯಿಸಿ, ಒಂದೊಂದರ ಕಾವನ್ನೂ ಪಾದರಸದಲ್ಲಿ ನೋಡಿ ಚೀಟಿಯಲ್ಲಿ ಗುರುತು ಮಾಡಿಕೊಂಡು, ಕಲೆಸಿ ಅವರ ಮುಂದಿಟ್ಟೆ. ಅವರು ಒಂದೊಂದನ್ನೇ ರೆಪ್ಪೆಗೆ ಒತ್ತಿ, ನೆಲದ ಮೇಲೆ ಸಾಲಾಗಿ ಜೋಡಿಸುತ್ತ ಹೋದರು. ಚೀಟಿ ತೆಗೆದು ನೋಡಿದರೆ ಒಂದೂ ಸ್ಥಾನ ತಪ್ಪಿರಲಿಲ್ಲ. ನಾದಿನಿ ನಕ್ಕ ನಗೆಗೆ ಎದುರುಮನೆಯವರು ಬಾಗಿಲಿಗೆ ಬಂದರು. ಕಾವಕ್ಕ ಮಾತ್ರ ನಗದೆ ಥರ್ಮಾಮೀಟರನ್ನು ಡಬ್ಬಿ ಸಮೇತ ತೆಗೆದುಕೊಂಡು, ಒಲೆಯಿಂದ ದೂರದ ಗೋಡೆಯ ಮೊಳೆಗೆ ದಾರದಿಂದ ನೇತುಹಾಕಿ, "ಇರಲಿ, ಪಾಪ" ಎಂದರು. ನಾನು ಸೋತದ್ದಷ್ಟೇ ಅಲ್ಲ, ಪೂರ್ತಿ ಶರಣಾದೆ. ಆ ವಾರದ ವರದಿಯಲ್ಲಿ ಪಾದರಸಕ್ಕೆ ಸರಿಸಾಟಿಯಾದ ಕಣ್ಣರೆಪ್ಪೆಯೊಂದು ಈ ಊರಿನಲ್ಲಿದೆ ಎಂದು ಬರೆದೆ. ನಂತರ ನಡೆದದ್ದರಲ್ಲಿ ಆ ಶರಣಾಗತಿಯ ಪಾಲೂ ಇದೆಯೆಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಅದೇ ವರ್ಷ ಕೋಳಿಗಳಿಗೆ ಬೇನೆ ಬಿತ್ತು. ಬೆಳಿಗ್ಗೆ ಕತ್ತು ವಾಲಿಸಿದ ಕೋಳಿ ಸಂಜೆಗೆ ಇರುತ್ತಿರಲಿಲ್ಲ. ಹದಿನೈದು ದಿನದಲ್ಲಿ ಬೀದಿಯ ಅಷ್ಟೂ ಗೂಡುಗಳು ಖಾಲಿಯಾದವು. ನಾನು ಲಸಿಕೆ ಹಿಡಿದು ಬಂದದ್ದು ಎಲ್ಲ ಮುಗಿದ ಮೇಲೆ. ಅಲ್ಲಿ ಕೋಳಿಯೆಂದರೆ ಹೆಂಗಸರ ಕೈಯಲ್ಲಿದ್ದ ಒಂದೇ ಆಸ್ತಿ, ಯಾರ ಮುಂದೆಯೂ ಕೈಚಾಚದೆ ಮಾಡುವ ಸಣ್ಣಪುಟ್ಟ ಖರ್ಚು, ಮಕ್ಕಳ ಬಾಯಿಗೆ ಬೀಳುವ ಒಂದು ತುತ್ತು ಶಕ್ತಿ. ಉಳಿದದ್ದು ಊರಾಚೆಯ ದಿಬ್ಬದ ಮೇಲೆ, ಸುಣ್ಣದ ಗೂಡು ನಡೆಸುತ್ತಿದ್ದ ಅಜ್ಜಿಯ ಹದಿನೆಂಟು ಹೇಂಟೆ, ಎರಡು ಹುಂಜ. ಅವು ದಿಬ್ಬ ಇಳಿದು ಬಂದಿರಲಿಲ್ಲವಾದ್ದರಿಂದ ಬದುಕಿದವು. ಅಜ್ಜಿಯೂ ಇಳಿದು ಬರುವವರಲ್ಲ. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು.

ಹೇಂಟೆ ಕಾವಿಗೆ ಕೂತರೆ ಮೊಟ್ಟೆ ಇಡುವುದು ನಿಲ್ಲಿಸುತ್ತದೆ. ಕೂತದ್ದು ಮಾಡಿದರೂ ಹತ್ತು ಹನ್ನೆರಡು ಮರಿ. ಬೀದಿಗೆಲ್ಲ ಕೋಳಿ ಮತ್ತೆ ಬರಬೇಕಾದರೆ ಕೋಳಿಗಳು ಇಡುತ್ತಲೇ ಇರಬೇಕು, ಕಾವನ್ನು ಬೇರೆ ಯಾರಾದರೂ ಕೊಡಬೇಕು. ಇದನ್ನು ಕಾವಕ್ಕ ಅಜ್ಜಿಗೆ ವಿವರಿಸಿ ಹೇಳಲು ಹೊರಟರಂತೆ. ಅಜ್ಜಿ ಅರ್ಧದಲ್ಲೇ ಎದ್ದು ಹೋಗಿ ಬುಟ್ಟಿ ತಂದಿಟ್ಟರಂತೆ. ಹತ್ತು ದಿನದಿಂದ ತಂಪಿನಲ್ಲಿ ಜೋಪಾನ ಮಾಡಿದ್ದ ಅರವತ್ತನಾಲ್ಕು ಮೊಟ್ಟೆ. ಕೊಡುವಾಗ ಅಜ್ಜಿ ಆಡಿದ್ದು ಒಂದೇ ಮಾತು: "ಕಾವಿಗೆ ಕೂರೋ ಕೋಳೀನ ಎಬ್ಬಿಸಿ ಎಬ್ಬಿಸಿ ಕೂಡಿಸಿದ್ದೀನಿ. ನೆನಪಿರ್ಲಿ."

ಏಳನೆಯ ದಿನ ಕಿಟಕಿಯ ತೂತಿಗೆ ಹಿಡಿದಾಗ ಐವತ್ತೇಳರಲ್ಲಿ ಕೆಂಪು ದಾರದ ಎಳೆಗಳು ಕಂಡವು, ಜೀವ ಹಿಡಿದಿತ್ತು. ಬೀದಿಯ ಹೆಂಗಸರು ಸರದಿಯ ಮೇಲೆ ಬಂದು ಇಣುಕಿ ನೋಡಿ ಹೋದರು. ಕಾವಕ್ಕ ಆ ದಿನಗಳಲ್ಲಿ ಹಾಸಿಗೆಯ ಕೆಲಸವನ್ನೆಲ್ಲ ಬದಿಗಿಟ್ಟು, ಕೋಣೆಯ ಬಾಗಿಲಲ್ಲೇ ಚಾಪೆ ಹಾಸಿಕೊಂಡಿದ್ದರು. ಹನ್ನೊಂದನೆಯ ದಿನ ನಾನು ಹೋದಾಗ ಒಲೆಯ ಮುಂದೆ ಕೂತು ಹೊಟ್ಟು ಹುರಿಯುತ್ತಿದ್ದರು; ಮುಖ ಕೆಂಪಾಗಿತ್ತು. "ಯಾಕೋ ಮೊಟ್ಟೆ ಆರ್ತಾ ಇದೆ ಡಾಕ್ಟ್ರೇ. ಗಾಳಿ ತಿರುಗಿದೆ ಅನ್ಸುತ್ತೆ. ದಿನಕ್ಕೆ ನಾಲ್ಕೈದು ಸಲ ಚೀಲ ಬದಲಾಯಿಸ್ತಿದ್ದೀನಿ" ಎಂದರು. ಒಲೆಯ ಮುಂದೆ ಕೂತವರ ಮುಖ ಕೆಂಪಾಗದೆ ಇನ್ನೇನಾಗುತ್ತದೆ? ಗಾಳಿ ತಿರುಗಿರಬಹುದು ಎಂದು ನಾನೂ ತಲೆಯಾಡಿಸಿದೆ. ಥರ್ಮಾಮೀಟರು ನಮ್ಮಿಬ್ಬರ ಕಣ್ಣೆದುರಿಗೇ ಮೊಳೆಯಲ್ಲಿ ತೂಗುತ್ತಿತ್ತು.

ಹದಿನಾಲ್ಕನೆಯ ದಿನ ಮತ್ತೆ ಬೆಳಕಿಗೆ ಹಿಡಿಯಬೇಕು. ನಾನು, ನಾದಿನಿ, ಅವರು, ಮೂವರೇ ಇದ್ದೆವು. ಕದ ಮುಚ್ಚಿದರು. ಮೊದಲ ಮೊಟ್ಟೆಯನ್ನು ತೂತಿಗೆ ಹಿಡಿದು ಬಹಳ ಹೊತ್ತು ನೋಡಿದರು, ಪಕ್ಕಕ್ಕಿಟ್ಟರು. ಎರಡನೆಯದು, ಮೂರನೆಯದು. ಮೊಟ್ಟೆಯೊಳಗೆ ಮಿಸುಕಾಡಬೇಕಾಗಿದ್ದ ಕಪ್ಪು ಒಂದು ಬದಿಗೆ ಅಂಟಿ ಕೂತಿತ್ತು, ದಾರದ ಎಳೆಗಳು ಕಿತ್ತು ಕದಡಿದ್ದವು. ಐದನ್ನು ನೋಡಿದ ಮೇಲೆ ಮಿಕ್ಕದ್ದು ನನಗೂ ತಿಳಿಯಿತು. ಆದರೆ ಅವರು ನಿಲ್ಲಿಸಲಿಲ್ಲ. ಒಂದಾದರೂ ಇರಬಹುದು ಎಂಬ ಆಸೆಯೋ, ಪ್ರತಿಯೊಂದನ್ನೂ ನೋಡಿಯೇ ತೀರಬೇಕೆಂಬ ಮರ್ಯಾದೆಯೋ, ಐವತ್ತೇಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದರು. ಕೊನೆಯದನ್ನು ನನ್ನ ಕೈಗೆ ಕೊಟ್ಟಾಗ ಅವರ ಬೆರಳು ತಾಕಿತು. ಕೆಂಡ.

ನಾನು ಮೊಳೆಯಿಂದ ಡಬ್ಬಿ ಇಳಿಸಿ, ಪಾದರಸ ಜಾಡಿಸಿ, ಥರ್ಮಾಮೀಟರನ್ನು ಅವರ ನಾಲಿಗೆಯ ಕೆಳಗಿಟ್ಟೆ. ಅವರು ಬಾಯಲ್ಲಿ ಗಾಜಿನ ಕಡ್ಡಿ ಹಿಡಿದು ಬುಟ್ಟಿಯ ಕಡೆಗೆ ನೋಡುತ್ತ ಕೂತರು, ಆಮೇಲೆ ಎಡಗೈ ಎತ್ತಿ ತಮ್ಮ ಎಡಗಣ್ಣಿನ ರೆಪ್ಪೆಯನ್ನು ಮುಟ್ಟಿಕೊಂಡರು. ನಾನು ಓದುವುದಕ್ಕೆ ಮೊದಲೇ ಅವರಿಗೆ ಗೊತ್ತಾಗಿತ್ತು.

"ಎಷ್ಟು?"

"ನೂರಾ ಎರಡೂವರೆ."

"ಹಾಗಾದ್ರೆ ಮೊಟ್ಟೆ ಆರಿರ್ಲಿಲ್ಲ," ಎಂದರು. "ನಾನು ಉರೀತಿದ್ದೆ."

ಸುಡುವ ರೆಪ್ಪೆಗೆ ಹದವಾದ ಮೊಟ್ಟೆ ತಣ್ಣಗೆ ಕಂಡಿತ್ತು. ನಾಲ್ಕು ದಿನ ತಮ್ಮ ಜ್ವರವನ್ನೇ ಆ ಮೊಟ್ಟೆಗಳಿಗೆ ಉಣಿಸಿದ್ದರು. ಮೈ ಬಿಸಿಯಾದದ್ದನ್ನು ಒಲೆಯ ತಲೆಗೆ ಕಟ್ಟಿ, ಕೈಕಾಲು ನೋವನ್ನು ಜಾಗರಣೆಯ ತಲೆಗೆ ಕಟ್ಟಿ, ತಮಗೆ ಕಾಯಿಲೆ ಬರಬಹುದು ಎಂಬುದನ್ನೇ ಮರೆತಿದ್ದರು.

ಸುದ್ದಿ ಬೀದಿಗೆ ಹರಡಲು ಎಷ್ಟು ಹೊತ್ತು? ಹೆಂಗಸರು ಬಂದರು, ನೋಡಿದರು, ಮುಖ ಸಣ್ಣದು ಮಾಡಿಕೊಂಡರು. ಆದರೂ ಯಾರೂ ಕಟುಮಾತಾಡಲಿಲ್ಲ, ತಪ್ಪಿಸಿಕೊಳ್ಳುವ ದಾರಿಯನ್ನೇ ತೋರಿಸಿದರು. ಮೂರು ದಿನದ ಹಿಂದೆ ದೊಡ್ಡ ಗುಡುಗು ಬಂದಿತ್ತಲ್ಲ, ಗುಡುಗಿಗೆ ಮೊಟ್ಟೆ ಕೆಡುತ್ತವೆ ಎಂದು ಎಲ್ಲರಿಗೂ ಗೊತ್ತು, ಹಾಗೆಂದುಬಿಡು ಎಂದರು. "ಹೌದು ಅತ್ತಿಗೆ, ಗುಡುಗು ಅಂದ್ರೆ ಮುಗೀತು, ಅದನ್ನ ಯಾರು ವಿಚಾರಣೆ ಮಾಡ್ತಾರೆ" ಎಂದಳು ನಾದಿನಿ. ನಾನು ಓದಿದವನಾದ್ದರಿಂದ ಇನ್ನೂ ಒಳ್ಳೆಯ ಸುಳ್ಳು ಹುಡುಕಿದೆ. "ಗೊಡ್ಡು ಮೊಟ್ಟೆ ಅಂತ ವರದಿ ಬರೀತೀನಿ. ಹುಂಜಕ್ಕೆ ವಯಸ್ಸಾಗಿದೆ ಅಂದ್ರಾಯ್ತು" ಎಂದೆ.

ಕಾವಕ್ಕ ನನ್ನತ್ತ ತಿರುಗಿದರು. ಜ್ವರದ ಆ ಕಣ್ಣುಗಳನ್ನು ನಾನು ಮರೆತಿಲ್ಲ.

"ಏಳನೇ ದಿನ ದಾರ ಕಂಡಿತ್ತಲ್ಲ, ಅದು ನಿಮಗೂ ಗೊತ್ತು. ಹುಂಜದ ಮೇಲೆ ಹಾಕಿದ್ರೆ ಅಜ್ಜಿ ಏನು ಮಾಡ್ತಾರೆ ಹೇಳಿ? ಇವತ್ತೇ ಎರಡರ ಕತ್ತೂ ಕುಯ್ತಾರೆ. ಆಮೇಲೆ ಈ ಊರಿಗೆ ಹುಂಜ ನಿಮ್ಮ ವರದಿಯಿಂದ ಬರುತ್ತಾ?"

ನಾನು ನಾಲಿಗೆ ಕಚ್ಚಿಕೊಂಡೆ. ಒಂದು ಸಣ್ಣ ಸುಳ್ಳು ಎಲ್ಲಿಯವರೆಗೆ ನಡೆದುಹೋಗುತ್ತದೆ ಎಂಬುದನ್ನು ಅಷ್ಟು ದೂರ ನೋಡುವ ಅಭ್ಯಾಸ ನನಗಿರಲಿಲ್ಲ.

ಬೇಡವೆಂದರೂ ಕೇಳದೆ ಅವರು ಆಗಲೇ ಕೋಟು ಹಾಕಿಕೊಂಡು ದಿಬ್ಬ ಹತ್ತಿದರು. ಜೇಬಿನಲ್ಲಿ ಸತ್ತ ಮೊಟ್ಟೆ ಒಂದು. ಜ್ವರದಲ್ಲೂ ಅದೇ ನಡಿಗೆ, ಪಾದ ಸರಿಸಿ ಸರಿಸಿ. ಇನ್ನು ಒಡೆದರೆ ತಾನೆ ಏನು ಎಂಬಂಥ ಮೊಟ್ಟೆಯನ್ನೂ ಅಲುಗಿಸದೆ ಒಯ್ದರು. ನಾನು ಹಿಂದಿನಿಂದ ಹೋದೆ. ಅಜ್ಜಿ ಗೂಡಿನ ಮುಂದೆ ಸುಣ್ಣದಕಲ್ಲು ಒಡೆಯುತ್ತ ಕೂತಿದ್ದರು. ಸುತ್ತ ಕೋಳಿಗಳು ಕೆದಕುತ್ತಿದ್ದವು. ಕಾವಕ್ಕ ಮೊಟ್ಟೆಯನ್ನು ಅಜ್ಜಿಯ ಮುಂದಿಟ್ಟು ನಿಂತೇ ಹೇಳಿದರು.

"ಅಜ್ಜೀ, ನಿಮ್ಮ ಮೊಟ್ಟೆ ಎಲ್ಲಾ ಸತ್ವು. ನನಗೆ ಜ್ವರ ಇತ್ತು, ಗೊತ್ತಾಗ್ಲಿಲ್ಲ. ಆರ್ತಾ ಇದೆ ಅಂದ್ಕೊಂಡು ಕಾಯಿಸಿ ಕಾಯಿಸಿ ಬೇಯಿಸಿಬಿಟ್ಟೆ. ನಿಮ್ಮ ಹುಂಜದ ತಪ್ಪಿಲ್ಲ. ಗುಡುಗಿನ ತಪ್ಪೂ ಇಲ್ಲ."

ಅಜ್ಜಿ ಮೊಟ್ಟೆಯನ್ನು ಮುಟ್ಟಲಿಲ್ಲ. ಸುತ್ತಿಗೆ ಕೆಳಗಿಟ್ಟು ನಿಧಾನವಾಗಿ ಎದ್ದು ಬಂದು, ಕಾವಕ್ಕನ ಹಣೆಯ ಮೇಲೆ ಅಂಗೈ ಇಟ್ಟರು. ಎಷ್ಟೋ ಹೊತ್ತು ಹಾಗೇ ಇಟ್ಟಿದ್ದರು. ತೆಗೆದಾಗ ಹಣೆಯ ಮೇಲೆ ಸುಣ್ಣದ ಧೂಳಿನ ಬಿಳಿ ಅಂಗೈ ಮೂಡಿತ್ತು.

"ಜ್ವರ ಬಿಟ್ಟ ಮೇಲೆ ಬಾ," ಎಂದರು. "ಕೋಳಿ ಎಲ್ಲಾ ಕಾವಿಗೆ ಬರ್ತಿವೆ, ಇನ್ನು ಎಬ್ಬಿಸಲ್ಲ. ಇದ್ದಷ್ಟು ಕೊಡ್ತೀನಿ. ಅದೇ ಕೊನೆ."

ಕಾವಕ್ಕ ಅತ್ತದ್ದು ಆಗ. ದಿಬ್ಬ ಇಳಿಯುವಾಗ, ಶಬ್ದವಿಲ್ಲದೆ, ನಡಿಗೆ ಮಾತ್ರ ಕೆಡದಂತೆ. ಮನೆ ತಲುಪುವವರೆಗೂ ಹಣೆಯ ಬಿಳಿ ಗುರುತನ್ನು ಒರೆಸಿಕೊಳ್ಳಲಿಲ್ಲ.

ವಾರದ ಮೇಲೆ ಸಿಕ್ಕಿದ್ದು ಇಪ್ಪತ್ತೆರಡು ಮೊಟ್ಟೆ. ಇವೂ ಹೋದರೆ ಆ ವರ್ಷ ಬೀದಿಯಲ್ಲಿ ಕೋಳಿ ಕೂಗುವುದಿಲ್ಲ ಎಂಬುದು ಎಲ್ಲರಿಗೂ ತಿಳಿದಿತ್ತು. ನಾನು ಮೊದಲ ದಿನವೇ ಓಡಿ ಹೋದೆ, ಈ ಸಲವಾದರೂ ಥರ್ಮಾಮೀಟರನ್ನು ಬುಟ್ಟಿಯೊಳಗೆ ಇಡಿಸಬೇಕೆಂದು. ಹೋಗಿ ನೋಡಿದರೆ ಅದು ಕಾವಕ್ಕನ ಬಾಯಲ್ಲಿತ್ತು. ಅಂಕಿ ಓದಲು ಬಾರದ ಅವರು, ನಾದಿನಿಯನ್ನೂ ತಮ್ಮನ್ನೂ ಅಕ್ಕಪಕ್ಕದವರನ್ನೂ ನೋಡಿ ನೋಡಿ, ಆರೋಗ್ಯವಂತರಲ್ಲಿ ಪಾದರಸ ಎಲ್ಲಿ ನಿಲ್ಲುತ್ತದೆ ಎಂದು ಕಂಡುಕೊಂಡು, ಆ ಜಾಗಕ್ಕೆ ಸರಿಯಾಗಿ ಗಾಜಿನ ಸುತ್ತ ಒಂದು ಕೆಂಪು ದಾರ ಕಟ್ಟಿದ್ದರು. ದಿನವೂ ಬೆಳಿಗ್ಗೆ ಎದ್ದು, ಒಲೆಯ ಹತ್ತಿರ ಸುಳಿಯುವ ಮೊದಲೇ ಅದನ್ನು ಬಾಯಲ್ಲಿಟ್ಟುಕೊಂಡು ಕೂರುವುದು. ಪಾದರಸ ದಾರ ದಾಟದಿದ್ದರೆ ಮಾತ್ರ ಕೋಣೆಯೊಳಗೆ ಕಾಲಿಡುವುದು.

"ಇದು ಮೊಟ್ಟೆಗಲ್ಲ ಡಾಕ್ಟ್ರೇ, ನನಗೆ," ಎಂದರು. "ಮೊಟ್ಟೆ ಸುಳ್ಳು ಹೇಳಿರ್ಲಿಲ್ಲ."

ಅಷ್ಟಕ್ಕೇ ಮುಗಿಯಲಿಲ್ಲ. ಇನ್ನು ಮುಂದೆ ಒಂದೇ ರೆಪ್ಪೆಯ ಮಾತಿಗೆ ಬೆಲೆಯಿಲ್ಲ ಎಂಬುದು ಅವರ ಹೊಸ ಶಾಸನ. ತಾವು ನೋಡಿದ ಮೇಲೆ ಇನ್ನೊಬ್ಬರು ನೋಡಲೇಬೇಕು. ಹೀಗಾಗಿ ಆ ಇಪ್ಪತ್ತೊಂದು ದಿನ ಅವರ ಮನೆ ಬಾಗಿಲಿಗೆ ಬಂದವರೆಲ್ಲ ಬಂದ ಕೆಲಸ ಹೇಳುವ ಮೊದಲು ಎಡಗಣ್ಣು ಮುಚ್ಚಬೇಕಾಯಿತು. ಅಂಚೆಯವನು ಕಣ್ಣು ಮುಚ್ಚಿದ, ಚಾಕು ಸಾಣೆ ಹಿಡಿಯುವವನು ಮುಚ್ಚಿದ, ನಮ್ಮ ಮೇಲಧಿಕಾರಿಗಳು ತಪಾಸಣೆಗೆಂದು ಬಂದವರು ಹುಬ್ಬೇರಿಸಿ, ಗೊಣಗಿ, ಕೊನೆಗೆ ಮುಚ್ಚಿದರು. "ಬೆಚ್ಚಗಿದೆ" ಎಂದು ಅವರು ಹೇಳಿದಾಗಿನ ದನಿ ಮಾತ್ರ ನಾನು ಅದುವರೆಗೆ ಅವರ ಬಾಯಿಂದ ಕೇಳದಷ್ಟು ಮೃದುವಾಗಿತ್ತು.

ಒಂಬತ್ತನೆಯ ದಿನ ಪಾದರಸ ದಾರ ದಾಟಿತು. ಬಿಟ್ಟಿದ್ದ ಜ್ವರ ಮತ್ತೆ ಬಂದಿತ್ತು. ಕಾವಕ್ಕ ಕೋಣೆಯ ಹೊಸ್ತಿಲ ಹೊರಗೆ, ಕೋಟು ಹೊದ್ದು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಎರಡು ದಿನ. ಒಳಗೆ ನಾದಿನಿ, ಆ ತನಕ ಅತ್ತಿಗೆಯ ಮೊಟ್ಟೆಗಳನ್ನು ಗೇಲಿ ಮಾಡುವುದಷ್ಟೇ ಬಲ್ಲವಳು, ಎಡಗಣ್ಣು ಮುಚ್ಚಿ ಒಂದೊಂದನ್ನೇ ಎರಡೆರಡು ಸಲ ಒತ್ತಿ ನೋಡುತ್ತಿದ್ದಳು. "ಅತ್ತಿಗೇ, ಇನ್ನೊಂದು ಚೀಲ ಹಾಕ್ಲಾ ಬೇಡ್ವಾ, ನೀವೇ ಹೇಳಿ" ಎಂದು ಒಳಗಿನಿಂದ ಕೂಗಿದರೆ, ಹೊರಗಿನಿಂದ ಒಂದೇ ಉತ್ತರ: "ಕೇಳಬೇಡ. ಈಗ ನನ್ನ ಮಾತಿಗೂ ಜ್ವರ ಇದೆ."

ಅರ್ಧ ಆಯುಷ್ಯ ತಿದ್ದಿದ ವಿದ್ಯೆ ಕೈಯಲ್ಲಿರುವಾಗ ಕೈಕಟ್ಟಿ ಕೂರುವುದು ಎಷ್ಟು ಕಷ್ಟವೆಂದು ಆ ಎರಡು ದಿನ ಅವರ ಬೆರಳುಗಳನ್ನು ನೋಡಿದ್ದರೆ ತಿಳಿಯುತ್ತಿತ್ತು. ಮಡಿಲಲ್ಲಿ ಇಲ್ಲದ ಮೊಟ್ಟೆಯನ್ನು ಅವು ಚುಕ್ಕೆಯಿಂದ ಗೆರೆಗೆ, ಗೆರೆಯಿಂದ ಚುಕ್ಕೆಗೆ ತಿರುಗಿಸುತ್ತಲೇ ಇದ್ದವು. ಒಳಗೆ ಹೋಗಿ ಒಮ್ಮೆ ನೋಡಿಬನ್ನಿ ಎಂದು ನಾನೇ ಹೇಳಿದೆ. ಅವರು ತಲೆಯಲ್ಲಾಡಿಸಿದರು. ಅವರ ಮೇಲೆ ನನಗೆ ಮೊದಲಿನಿಂದಲೂ ಇದ್ದದ್ದು ಬೆರಗು. ಭಕ್ತಿ ಹುಟ್ಟಿದ್ದು ಆ ಹೊಸ್ತಿಲಿನಲ್ಲಿ.

ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಮೊದಲ ಮೊಟ್ಟೆಗೆ ಒಳಗಿನಿಂದ ಕೊಕ್ಕಿನ ಪೆಟ್ಟು ಬಿತ್ತು. ಮಧ್ಯಾ‌ಹ್ನದೊಳಗೆ ಹದಿನಾರು ಮರಿಗಳು ಒದ್ದೆ ಒದ್ದೆಯಾಗಿ ಬಂದು, ಒಣಗಿ, ಉಬ್ಬಿ, ಬುಟ್ಟಿಯ ತುಂಬ ಗಲಾಟೆಯಾಯಿತು. ಬೀದಿಯ ಹೆಂಗಸರು ಬಾಗಿಲಲ್ಲಿ ಕಿಕ್ಕಿರಿದಿದ್ದರು. ಅವರ ನಡುವೆ ದಾರಿಯಾಯಿತು. ನೋಡಿದರೆ ಸುಣ್ಣದ ಗೂಡಿನ ಅಜ್ಜಿ. ಅಜ್ಜಿ ದಿಬ್ಬ ಇಳಿದು ಬಂದದ್ದನ್ನು ಅಲ್ಲಿದ್ದವರಾರೂ ಅದುವರೆಗೆ ಕಂಡಿರಲಿಲ್ಲ. ಮರಿಗಳ ಕಡೆ ನೋಡದೆ ಅವರು ನೇರವಾಗಿ ಕಾವಕ್ಕನ ಹತ್ತಿರ ಹೋಗಿ ಹಣೆ ಮುಟ್ಟಿದರು. ಆಮೇಲೆ ಬುಟ್ಟಿಗೆ ಬಗ್ಗಿ, ಒಂದು ಮರಿಯನ್ನು ಎತ್ತಿ, ಎಡಗಣ್ಣು ಮುಚ್ಚಿ ರೆಪ್ಪೆಗೆ ಒತ್ತಿಕೊಂಡು, "ಹೂಂ" ಎಂದರು. ಅಷ್ಟೇ. ಮರಿಗಳು ಮನೆಗೆರಡರಂತೆ ಎಂಟು ಮನೆಗೆ ಹೋದವು. ಅವುಗಳ ಮಕ್ಕಳು ಮೊಮ್ಮಕ್ಕಳು ಇಡೀ ಬೀದಿಯನ್ನು ತುಂಬಲು ಎರಡು ವರ್ಷ ಹಿಡಿಯಿತು.

ಕಂಬಗಳಿಗೆ ತಂತಿಯೂ ಬಂತು, ಕೊನೆಗೆ. ಇಲಾಖೆಯಿಂದ ಮೊಟ್ಟೆ ಮರಿಮಾಡುವ ವಿದ್ಯುತ್ ಪೆಟ್ಟಿಗೆಯೂ ಬಂತು. ಕರೆಂಟು ಹೋದಾಗಲೆಲ್ಲ ಜನ ಅದರೊಳಗಿನ ಮೊಟ್ಟೆಗಳನ್ನು ಹೊತ್ತುಕೊಂಡು ಕಾವಕ್ಕನ ಬುಟ್ಟಿಗೆ ಓಡುತ್ತಿದ್ದರು. ನಾನು ನಿವೃತ್ತನಾಗುವ ಮೊದಲು ಒಮ್ಮೆ ನೋಡಿಬರಲು ಹೋದಾಗ ಅವರು ಬಾಗಿಲಲ್ಲೇ ಕೂತಿದ್ದರು, ಬಾಯಲ್ಲಿ ಥರ್ಮಾಮೀಟರು, ದಾರದ ಕೆಂಪು ಮಾಸಿತ್ತು. ಒಂದು ಬೆರಳೆತ್ತಿ ತಡೆಯಿರಿ ಎಂದರು. ತಡೆದೆ. ಟೀ ಬಂತು. ಅದು ಅವರ ರೆಪ್ಪೆಯನ್ನೂ ನಾದಿನಿಯ ರೆಪ್ಪೆಯನ್ನೂ ದಾಟಿ ನನ್ನ ಕೈಗೆ ಬರುವಷ್ಟರಲ್ಲಿ ಪೂರ್ತಿ ಆರಿಹೋಗಿತ್ತು. ಕುಡಿಯುತ್ತ ಕೇಳಿದೆ, "ಮೂವತ್ತು ವರ್ಷದ ಹಿಂದೆ ಉಗುರುಬೆಚ್ಚಗೆ ಅಂದಿದ್ರಿ. ಈಗ ಹೇಗಿದ್ದೀನಿ?"

ಕಾವಕ್ಕ ನನ್ನನ್ನು ಬಹಳ ಹೊತ್ತು ನೋಡಿದರು. "ನಾನೊಬ್ಬಳೇ ಹೇಳೋ ಹಾಗಿಲ್ಲ," ಎಂದರು. "ಇವಳೂ ನೋಡ್ಲಿ."

ಕೈಯಲ್ಲಿ ಕಸುಬುಳ್ಳವರು ಲೋಕದಲ್ಲಿ ಕಡಿಮೆಯೇನಿಲ್ಲ, ತಮ್ಮ ಕೈಯನ್ನು ನಂಬುವವರಂತೂ ಬೇಕಾದಷ್ಟು. ಆ ನಂಬಿಕೆ ಒಮ್ಮೆ ಏಟು ತಿಂದಾಗ ಕೆಲವರು ಗುಡುಗನ್ನು ಬೈಯುತ್ತಾರೆ, ಕೆಲವರು ಕಸುಬನ್ನೇ ಬಿಟ್ಟು ಕೈಚೆಲ್ಲಿ ಕೂರುತ್ತಾರೆ. ಎಲ್ಲೋ ಒಬ್ಬರು, ಕೆಲಸವನ್ನೂ ಬಿಡದೆ, ತಪ್ಪನ್ನೂ ಬೇರೆಯವರ ತಲೆಗೆ ಕಟ್ಟದೆ, ಅಳೆಯುವ ಕೋಲನ್ನು ಮೊದಲು ತಮ್ಮ ಮೇಲೇ ಇಟ್ಟು ನೋಡಿಕೊಂಡು ಬೆಳಗನ್ನು ಶುರುಮಾಡುತ್ತಾರೆ. ಅಂಥವರು ಇರುವ ಬೀದಿಯಲ್ಲಿ ಕೋಳಿ ಕೂಗುತ್ತದೆ. ಅವರಷ್ಟು ನನ್ನಿಂದಾಗದು, ಆದರೂ ಯಾರನ್ನಾದರೂ ಆರಿದ ಮನುಷ್ಯ ಎಂದು ತೀರ್ಪು ಕೊಡಲು ಬಾಯಿ ತೆರೆದಾಗಲೆಲ್ಲ, ನನಗೆ ಗೊತ್ತಿಲ್ಲದಂತೆಯೇ ನನ್ನ ಕೈ ನನ್ನ ಹಣೆಯ ಮೇಲೆ ಹೋಗಿರುತ್ತದೆ.